ಎಂಆರ್‌ಐ ನಾರ್ಮಲ್, ಮಾತ್ರೆಗೆ ಬಗ್ಗದ ಫಿಟ್ಸ್: ಮಿದುಳಿನ ಜಾಲದ ವಿಶ್ಲೇಷಣೆಗಾಗಿ ಕಾಯಬೇಕೇ?

ಪ್ರಶ್ನೆ (ಬಸವನಗುಡಿಯಿಂದ, ರೋಗಿಯ ಅಕ್ಕ)

ನನ್ನ ತಮ್ಮನಿಗೆ ಈಗ 24 ವರ್ಷ. ಹನ್ನೊಂದನೆಯ ವಯಸ್ಸಿನಿಂದ ಮೂರ್ಛೆರೋಗವಿದೆ. ಕಾರ್ಬಮಜೆಪಿನ್, ಲೆವೆಟಿರಾಸಿಟಮ್, ಆಮೇಲೆ ಕ್ಲೋಬಜಾಮ್ ಎಂದು ಹೊತ್ತು ತಪ್ಪಿಸದೆ ಮಾತ್ರೆ ನುಂಗಿದರೂ ತಿಂಗಳಿಗೆ ಮೂರು ನಾಲ್ಕು ಬಾರಿ ಫಿಟ್ಸ್ ಬಂದೇ ಬರುತ್ತದೆ. ಅವನು ನೆಲಕ್ಕೆ ಬೀಳುವುದಿಲ್ಲ. ಊಟದ ನಡುವೆ ದೃಷ್ಟಿ ನೆಟ್ಟು, ಬಾಯಿ ಚಪ್ಪರಿಸುತ್ತಾ, ಎಡಗೈಯಿಂದ ಅಂಗಿಯ ಗುಂಡಿ ತಡಕುತ್ತಾನೆ. ಬಲಗೈ ತಿರುಚಿಕೊಂಡು ಸೆಟೆದಿರುತ್ತದೆ. ಎಚ್ಚರವಾದ ಮೇಲೂ ಐದು ನಿಮಿಷ ‘ನೀರು’ ಎಂಬ ಪದ ಸಿಗದೆ ಲೋಟದ ಕಡೆಗೆ ಕೈ ತೋರಿಸುತ್ತಾನೆ.

ಎರಡು ವರ್ಷದ ಹಿಂದಿನ ಎಂಆರ್‌ಐ ವರದಿ ‘ನಾರ್ಮಲ್’ ಎಂದಿದೆ. ಈಗ ವೈದ್ಯರೊಬ್ಬರು, ವಿಶ್ರಾಂತಿ ಸ್ಥಿತಿಯ ಎಫ್‌ಎಂಆರ್‌ಐ (ಮಿದುಳಿನ ಚಟುವಟಿಕೆ ತೋರಿಸುವ ಸ್ಕ್ಯಾನ್) ಮೂಲಕ ಮಿದುಳಿನ ಜಾಲವನ್ನು ವಿಶ್ಲೇಷಿಸುವ ಸಂಶೋಧನೆಗೆ ಸೇರಬಹುದು ಎಂದಿದ್ದಾರೆ. ಅದರಿಂದ ಫಿಟ್ಸ್ ಹುಟ್ಟುವ ಜಾಗ ತಿಳಿಯುತ್ತದೆಯೇ? ಅಲ್ಲಿಯವರೆಗೆ ಆಪರೇಷನ್ ಮಾತು ಬೇಡವೆಂದು ಅಮ್ಮ ಹೇಳುತ್ತಿದ್ದಾರೆ.

ಉತ್ತರ 1 (ಮಿದುಳಿನ ಚಿತ್ರಣದಲ್ಲಿ ಕೆಲಸ ಮಾಡುವವರು)

ಸಂಶೋಧನೆಗೆ ಖಂಡಿತ ಸೇರಿರಿ, ಆದರೆ ಅದಕ್ಕಾಗಿ ಬೇರೇನನ್ನೂ ಮುಂದೂಡಬೇಡಿ. ಈ ಸ್ಕ್ಯಾನ್‌ನಲ್ಲಿ ನಿಮ್ಮ ತಮ್ಮ ಏನೂ ಮಾಡದೆ ಮಲಗಿರುತ್ತಾರೆ. ರಕ್ತದ ಆಮ್ಲಜನಕದಲ್ಲಾಗುವ ಸಣ್ಣ ಏರಿಳಿತವನ್ನು ಯಂತ್ರ ದಾಖಲಿಸುತ್ತದೆ. ಮಿದುಳನ್ನು ನೂರಾರು ಭಾಗಗಳಾಗಿ ವಿಂಗಡಿಸಿ, ಯಾವ ಎರಡು ಭಾಗಗಳ ಏರಿಳಿತ ಒಟ್ಟೊಟ್ಟಿಗೆ ಸಾಗುತ್ತದೆಯೋ ಅವುಗಳ ನಡುವೆ ಗೆರೆ ಎಳೆದರೆ ಸಿಗುವುದೇ ಜಾಲ. ಫಿಟ್ಸ್ ಒಂದು ಕಡೆ ಹುಟ್ಟಿದರೂ ಇಂಥ ಸಂಪರ್ಕಗಳ ಮೂಲಕವೇ ಹರಡುವುದರಿಂದ, ಮೂಲವನ್ನು ತೆಗೆದ ಮೇಲೂ ಕೆಲವರಿಗೆ ಅದು ಏಕೆ ಮರಳುತ್ತದೆ ಎಂಬ ಪ್ರಶ್ನೆಗೆ ಈ ದಾರಿಯಲ್ಲಿ ಉತ್ತರ ಹುಡುಕಲಾಗುತ್ತಿದೆ.

ತೊಡಕೆಂದರೆ, ರೋಗಿಗಳ ಗುಂಪನ್ನು ಆರೋಗ್ಯವಂತರ ಗುಂಪಿನೊಡನೆ ಹೋಲಿಸಿದಾಗ ಕಾಣುವ ವ್ಯತ್ಯಾಸ ಒಬ್ಬ ವ್ಯಕ್ತಿಯ ನಕ್ಷೆಯಲ್ಲಿ ಅಷ್ಟು ಸ್ಪಷ್ಟವಾಗಿರುವುದಿಲ್ಲ. ತಲೆ ಒಂದು ಮಿಲಿಮೀಟರ್‌ಗಿಂತ ಕಡಿಮೆ ಅಲುಗಿದರೂ ಇಲ್ಲದ ಸಂಪರ್ಕ ಇದ್ದಂತೆ ತೋರಬಹುದು. ನಿದ್ದೆ ಮತ್ತು ಮಾತ್ರೆಗಳಿಂದಲೂ ಚಿತ್ರ ಬದಲಾಗುತ್ತದೆ.

ನೀವು ಬರೆದ ವಿವರಕ್ಕೇ ಬಹಳ ಬೆಲೆಯಿದೆ. ಎಡಗೈ ತಡಕುತ್ತಾ ಬಲಗೈ ಸೆಟೆಯುವುದು, ಆಮೇಲೆ ಮಾತು ತಡವಾಗುವುದು, ಇವು ಸಾಮಾನ್ಯವಾಗಿ ಮಿದುಳಿನ ಎಡಗಡೆಯ ಟೆಂಪೋರಲ್ ಭಾಗವನ್ನು, ಅಂದರೆ ಕಿವಿಯ ಬಳಿಯ ಭಾಗವನ್ನು, ಸೂಚಿಸುತ್ತವೆ. ಮುಂದಿನ ಸಲ ಎರಡೂ ಕೈ ಕಾಣುವಂತೆ ಮೊಬೈಲ್‌ನಲ್ಲಿ ವಿಡಿಯೊ ಮಾಡಿ, ಹೆಸರು ಹಿಡಿದು ಕೂಗಿ, ಲೋಟ ತೋರಿಸಿ ಇದೇನೆಂದು ಕೇಳಿ.

ಉತ್ತರ 2 (ಮಗಳಿಗೆ ಶಸ್ತ್ರಚಿಕಿತ್ಸೆ ಮಾಡಿಸಿದ ತಂದೆ)

ತಂಗಿ, ನಾವೂ ‘ನಾರ್ಮಲ್’ ಎಂಬ ಒಂದು ಪದವನ್ನು ನಂಬಿ ನಾಲ್ಕು ವರ್ಷ ಕಳೆದೆವು; ಆ ನೋವು ನನಗೆ ಇಂದಿಗೂ ಇದೆ. ಮೂರ್ಛೆರೋಗಕ್ಕೆಂದೇ ಇರುವ ಎಂಆರ್‌ಐ ಕ್ರಮದಲ್ಲಿ, ಹೆಚ್ಚು ಕಾಂತಶಕ್ತಿಯ 3 ಟೆಸ್ಲಾ ಯಂತ್ರದಲ್ಲಿ, ಹಿಪ್ಪೊಕ್ಯಾಂಪಸ್‌ಗೆ (ಟೆಂಪೋರಲ್ ಭಾಗದ ಒಳಗಿರುವ, ನೆನಪಿಗೆ ಬೇಕಾದ ರಚನೆ) ಅಡ್ಡಲಾಗಿ ತೆಳುವಾದ ಚಿತ್ರಗಳನ್ನು ತೆಗೆದಾಗ ಮಗಳ ಬಲಗಡೆಯ ಹಿಪ್ಪೊಕ್ಯಾಂಪಸ್ ಕುಗ್ಗಿರುವುದು ಕಂಡಿತು. ಸರಿಯಾಗಿ ಆರಿಸಿ ಕೊಟ್ಟ ಎರಡು ಔಷಧಗಳು ವಿಫಲವಾದರೆ ಅದನ್ನು ಔಷಧಕ್ಕೆ ಬಗ್ಗದ ಮೂರ್ಛೆರೋಗವೆಂದೇ ಪರಿಗಣಿಸಬೇಕೆಂದು ಅಂತರರಾಷ್ಟ್ರೀಯ ತಜ್ಞರ ಸಂಘ 2010ರಲ್ಲೇ ಹೇಳಿದೆ. ನಿಮ್ಮ ತಮ್ಮ ಮೂರನೆಯದನ್ನೂ ನೋಡಿ ಆಗಿದೆ. ಕೆನಡಾದಲ್ಲಿ ಟೆಂಪೋರಲ್ ಭಾಗದ ರೋಗವಿದ್ದ 80 ಜನರ ಮೇಲೆ ನಡೆಸಿ 2001ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಒಂದು ವರ್ಷದ ಕೊನೆಗೆ ಎಚ್ಚರ ತಪ್ಪಿಸುವ ಫಿಟ್ಸ್‌ನಿಂದ ಮುಕ್ತರಾಗಿದ್ದವರು ಶಸ್ತ್ರಚಿಕಿತ್ಸೆಯ ಗುಂಪಿನಲ್ಲಿ ಶೇ. 58, ಮಾತ್ರೆಯ ಗುಂಪಿನಲ್ಲಿ ಶೇ. 8.

ಫಿಟ್ಸ್ ಹುಟ್ಟುವ ಜಾಗ ಹುಡುಕಲು, ಫಿಟ್ಸ್‌ನ ವಿಡಿಯೊವನ್ನೂ ಮಿದುಳಿನ ವಿದ್ಯುತ್ ಅಲೆಗಳನ್ನೂ ಒಟ್ಟಿಗೆ ದಾಖಲಿಸುವ ವಿಡಿಯೊ ಇಇಜಿಗೆ ಕೆಲವು ದಿನ ಆಸ್ಪತ್ರೆಯಲ್ಲಿರಬೇಕಾಗುತ್ತದೆ. ಅಲ್ಲಿ ಮಾತ್ರೆ ಕಡಿಮೆ ಮಾಡುತ್ತಾರೆ. ಅದನ್ನು ಮನೆಯಲ್ಲಿ ನೀವಾಗಿ ಎಂದೂ ಮಾಡಬೇಡಿ. ನಿಮ್ಹಾನ್ಸ್‌ನಲ್ಲಿ ಮೂರ್ಛೆರೋಗದ ಶಸ್ತ್ರಚಿಕಿತ್ಸೆಯ ತಂಡವಿದೆ, ಮಿದುಳಿನ ಕಾಂತಕ್ಷೇತ್ರ ಅಳೆಯುವ ಎಂಇಜಿ ಯಂತ್ರವೂ ಇದೆ.

ಪ್ರಶ್ನೆ ಕೇಳಿದವರು

ಅಮ್ಮನಿಗೆ ಎಲ್ಲವನ್ನೂ ಓದಿ ಹೇಳಿದೆ. ವಿಡಿಯೊ ಇಇಜಿಗೆ ಒಪ್ಪಿದ್ದಾರೆ. ತಮ್ಮ ಕೇಳುವುದು ಒಂದೇ: ಎಡಗಡೆ ಎಂದಾದರೆ ನನ್ನ ಮಾತು ಹೋಗುವುದೇ?

ಉತ್ತರ 1ರವರು

ಅವರ ಆತಂಕ ನ್ಯಾಯವಾದದ್ದು. ಎಡಗಡೆಯ ಶಸ್ತ್ರಚಿಕಿತ್ಸೆಯಲ್ಲಿ ಹೆಸರು, ಪದ ನೆನಪಿಗೆ ಬರುವುದು ಕುಂದುವ ಅಪಾಯವಿರುವುದರಿಂದಲೇ ಮೊದಲು ನೆನಪಿನ ಪರೀಕ್ಷೆಗಳನ್ನೂ, ಭಾಷೆ ಯಾವ ಬದಿಯಲ್ಲಿದೆ ಎಂದು ತಿಳಿಯಲು ಎಫ್‌ಎಂಆರ್‌ಐಯನ್ನೂ ಮಾಡುತ್ತಾರೆ. ಆ ಪರೀಕ್ಷೆಗಳನ್ನು ಅವರು ದಿನವೂ ಆಡುವ ಕನ್ನಡದಲ್ಲೇ ನಡೆಸುವಂತೆ ಮೊದಲ ಭೇಟಿಯಲ್ಲೇ ಕೇಳಿಕೊಳ್ಳಿ.