ಕೊನಾಕಾ ಸಿದ್ಧಾಂತ: ದೆವ್ವವನ್ನು ಎಷ್ಟು ತೋರಿಸಬೇಕು?

ಪ್ರಶ್ನೆ
12 ನಿಮಿಷದ ಹಾರರ್ ಕಿರುಚಿತ್ರಕ್ಕೆ ಸ್ಕ್ರಿಪ್ಟ್ ಸಿದ್ಧವಾಗುತ್ತಿದೆ. ಜಪಾನಿನ ಚಿತ್ರಕಥೆಗಾರ ಚಿಯಾಕಿ ಕೊನಾಕಾ ಅವರ ‘ಕೊನಾಕಾ ಸಿದ್ಧಾಂತ’ ಅಂದರೆ ದೆವ್ವವನ್ನು ತೋರಿಸಲೇಬಾರದು ಅಂತಲಾ? ಡಿಜಿಮಾನ್, ಅಲ್ಟ್ರಾಮನ್ ಟಿವಿ ಸರಣಿಗಳನ್ನು ಬರೆದವರೂ ಇವರೇನಾ? ಯಾವುದನ್ನು ಮೊದಲು ನೋಡಬೇಕು?

ಉತ್ತರ 1
ತೋರಿಸಬಹುದು. ಆದರೆ ಪೂರ್ತಿಯಾಗಿ, ಸ್ಪಷ್ಟವಾಗಿ ಅಲ್ಲ. ದೂರದಲ್ಲಿ, ಫ್ರೇಮಿನ ಮೂಲೆಯಲ್ಲಿ, ಇಲ್ಲವೇ ಕೈಯೋ ಕಾಲೋ ಮಾತ್ರ. ದೆವ್ವ ಮಾತಾಡಬಾರದು, ಮಾತಾಡಿದರೆ ಅದೂ ಇನ್ನೊಂದು ಪಾತ್ರವಾಗಿಬಿಡುತ್ತದೆ. ದೆವ್ವದ ಕಣ್ಣಿನಿಂದ ಶಾಟ್ ಇಡಬಾರದು. ಅದರ ಜಾಗದಲ್ಲಿ ಕೂತ ಪ್ರೇಕ್ಷಕ ಅದಕ್ಕೆ ಹೆದರುವುದಿಲ್ಲ.

ಎಲ್ಲಕ್ಕಿಂತ ಹೆಚ್ಚು ಜನ ಎಡವುವುದು ಹಿನ್ನೆಲೆ ಕಥೆಯಲ್ಲಿ. ‘ಈ ಮನೆಯಲ್ಲಿ ಒಬ್ಬಳು ನೇಣು ಹಾಕಿಕೊಂಡಿದ್ದಳು’ ಅಂತ ಫ್ಲ್ಯಾಶ್‌ಬ್ಯಾಕ್ ಬಂದ ಕೂಡಲೇ ಭಯ ಹೋಗಿ ಮರುಕ ಬರುತ್ತದೆ. ಕರ್ಮದ ಕಥೆಯಲ್ಲಿ ಭಯವಿಲ್ಲ ಅನ್ನುವುದು ಕೊನಾಕಾ ಅವರ ಗಟ್ಟಿ ನಿಲುವು. ನಿಮ್ಮ ಸ್ಕ್ರಿಪ್ಟಿನಲ್ಲಿ ಫ್ಲ್ಯಾಶ್‌ಬ್ಯಾಕ್ ಇದ್ದರೆ ಮೊದಲು ಅದನ್ನೇ ತೆಗೆಯಿರಿ.

ಹಾಳೆಯ ಮೇಲೆ ಹೀಗೆ ಬರೆಯಿರಿ: ‘ಅಕ್ಕ ಕನ್ನಡಿ ಮುಂದೆ ತಲೆ ಬಾಚುತ್ತಿದ್ದಾಳೆ. ಹಿಂದೆ ಅರ್ಧ ತೆರೆದ ಬಾಗಿಲು. ಬಾಗಿಲ ಸಂದಿಯಲ್ಲಿ, ನೆಲಕ್ಕೆ ತಾಗಿದಂತೆ, ನಾಲ್ಕು ಬೆರಳು. ಅಕ್ಕ ಬಾಚುತ್ತಲೇ ಇದ್ದಾಳೆ.’ ಬೆರಳಿಗೆ ಕ್ಲೋಸಪ್ ಬರೆಯಬೇಡಿ, ಢಂ ಅನ್ನುವ ಸಂಗೀತವೂ ಬೇಡ. ಅವಳು ತಿರುಗಿ ನೋಡಿದಾಗ ಅವಳ ಮುಖಕ್ಕೆ ಸಮಯ ಕೊಡಿ. ನೋಡುವವರಿಗೆ ಭಯ ದಾಟುವುದು ಹೆದರಿದ ಮುಖದಿಂದಲೇ.

ಉತ್ತರ 2
ಮೇಲಿನದಕ್ಕೆ ಮೂಲ ಕೊನಾಕಾ ಬರೆದ 1988ರ ‘ಜಾಗಾನ್‌ರೇ’. ಸಾಕ್ಷ್ಯಚಿತ್ರದ ಸೋಗಿನ ವಿಡಿಯೋ ಚಿತ್ರ. ಹೊಸ ಗಾಯಕಿಯ ಪ್ರಚಾರದ ಚಿತ್ರೀಕರಣ ನಡೆಯುತ್ತಿರುತ್ತದೆ, ಹಿಂದೆ ಒಬ್ಬ ಹೆಂಗಸು ನಿಂತಿರುತ್ತಾಳೆ, ಯಾರೂ ಗಮನಿಸುವುದಿಲ್ಲ. ಆಮೇಲೆ 1991–92ರಲ್ಲಿ ನಿರ್ದೇಶಕ ನೊರಿಯೊ ತ್ಸುರುತಾ ಜೊತೆ ‘ಹೊಂತೋ ನಿ ಅತ್ತಾ ಕೊವಾಯಿ ಹಾನಾಶಿ’ ವಿಡಿಯೋಗಳು. ‘ರಿಂಗ್’ (1998) ಬರೆದ ಹಿರೋಶಿ ತಕಾಹಾಶಿ ಅವರ ಮೇಲೆ ಇವುಗಳ ಪ್ರಭಾವ ದೊಡ್ಡದು.

ಹೌದು, ಟಿವಿಯಲ್ಲೂ ಇವರೇ. ಆದರೆ ಟೈಟಲ್ ಕಾರ್ಡನ್ನು ಸರಿಯಾಗಿ ಓದಿಕೊಳ್ಳಿ. ‘ಕ್ಯಾಕುಹೋನ್’ ಅಂದರೆ ಆ ಕಂತಿನ ಚಿತ್ರಕಥೆ. ‘ಸೀರೀಸ್ ಕೋಸೇ’ ಅಂದರೆ ಇಡೀ ಸರಣಿಯ ಕಥಾ ವಿನ್ಯಾಸ. ‘ಸೀರಿಯಲ್ ಎಕ್ಸ್‌ಪೆರಿಮೆಂಟ್ಸ್ ಲೇನ್’ (1998) 13 ಕಂತುಗಳನ್ನೂ ಅವರೊಬ್ಬರೇ ಬರೆದಿದ್ದಾರೆ. 51 ಕಂತಿನ ‘ಡಿಜಿಮಾನ್ ಟೇಮರ್ಸ್’ನಲ್ಲಿ (2001–02) ವಿನ್ಯಾಸ ಅವರದು, ಹಲವು ಕಂತುಗಳನ್ನು ಬೇರೆಯವರು ಬರೆದಿದ್ದಾರೆ.

ಪ್ರಶ್ನೆ ಕೇಳಿದವರು
ಅಲ್ಟ್ರಾಮನ್‌ನಲ್ಲಿ ದೈತ್ಯ ಪ್ರಾಣಿಯನ್ನು ತೋರಿಸದೆ ಗತಿಯಿಲ್ಲವಲ್ಲ, ಅಲ್ಲಿ ಈ ನಿಯಮ ಏನಾಗುತ್ತದೆ?

ಉತ್ತರ 3
ಅಲ್ಲಿ ಅದು ನಡೆಯುವುದಿಲ್ಲ, ನಡೆಯಬೇಕಾಗಿಯೂ ಇಲ್ಲ. ‘ಅಲ್ಟ್ರಾಮನ್ ತಿಗಾ’ (1996–97) ಕೊನೆಯ ಕಂತಿನ ಮೂವರು ಬರಹಗಾರರಲ್ಲಿ ಕೊನಾಕಾ ಒಬ್ಬರು. ಅದರ ದೈತ್ಯ ಪ್ರಾಣಿ ಗಾತಾನೊಜೋವಾದ ಹೆಸರು ಅಮೆರಿಕದ ಹಾರರ್ ಲೇಖಕ ಲವ್‌ಕ್ರಾಫ್ಟ್ ಅವರ ಕಥಾಲೋಕದಿಂದ ಬಂದದ್ದು. ಪೂರ್ತಿ ಕಾಣಿಸುತ್ತದೆ, ಆದರೂ ಅದರ ಉದ್ದೇಶವನ್ನು ಯಾರೂ ವಿವರಿಸುವುದಿಲ್ಲ. ರೂಪ ಬಚ್ಚಿಡಲಾಗದಿದ್ದರೆ ಕಾರಣ ಬಚ್ಚಿಡಿ.

ನಿಮ್ಮ ಕಿರುಚಿತ್ರಕ್ಕೆ ಇನ್ನೂ ಹತ್ತಿರದ ಪಾಠ ‘ಟೇಮರ್ಸ್’ನಲ್ಲಿದೆ. 34ನೇ ಕಂತಿನಲ್ಲಿ ತನ್ನ ಜೊತೆಗಾರ ಡಿಜಿಮಾನ್ ಲಿಯೋಮನ್ ಸತ್ತ ಮೇಲೆ ಜುರಿ ಎಂಬ ಹುಡುಗಿ ಕುಗ್ಗಿಹೋಗುತ್ತಾಳೆ. ಮನೆಗೆ ಮರಳುವವಳು ಜುರಿ ಅಲ್ಲ, ಅವಳ ರೂಪ ತಳೆದ ಡಿ-ರೀಪರ್ ಎಂಬ ವಿನಾಶಕಾರಿ ಕಂಪ್ಯೂಟರ್ ಪ್ರೋಗ್ರಾಂ. ರಕ್ತವಿಲ್ಲ, ಕತ್ತಲಿಲ್ಲ, ಗೊತ್ತಿರುವ ಹುಡುಗಿಯ ಮುಖಭಾವ ಮಾತ್ರ ಸ್ವಲ್ಪ ತಪ್ಪಿದೆ. ಬಜೆಟ್ ಇಲ್ಲದವರಿಗೆ ಇದಕ್ಕಿಂತ ಒಳ್ಳೆಯ ಉಪಾಯ ಸಿಗಲಾರದು.

ಮೊದಲು ‘ಜಾಗಾನ್‌ರೇ’, ಆಮೇಲೆ ‘ಲೇನ್’ ನೋಡಿ. ಕೊನಾಕಾ ಬರೆದು ತಾಕಾಶಿ ಶಿಮಿಜು ನಿರ್ದೇಶಿಸಿದ ‘ಮಾರೆಬಿತೊ’ (2004) ಕೊನೆಗಿರಲಿ. ಅದರಲ್ಲಿ ಕ್ಯಾಮೆರಾ ಹಿಡಿದವನೇ ಭಯವನ್ನು ಹುಡುಕಿಕೊಂಡು ಹೋಗುತ್ತಾನೆ.