ಅಪ್‌ಡೇಟ್: ಗುಡ್ಡದ ಮೇಲಿನ ಬಿಲ್ಲುಗಾರ್ತಿಗೆ ಕೊನೆಗೆ ಏನು ಕೊಟ್ಟೆವು

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ದಾಳ ಉರುಳಿಸಿ ಪಾತ್ರಗಳಾಗಿ ಆಡುವ ಕಥೆಯಾಟ) ಐದನೇ ಆವೃತ್ತಿಯಲ್ಲಿ, ನಮ್ಮ ಆಟದ ಬಿಲ್ಲುಗಾರ್ತಿಯಂತೆ ಎತ್ತರದಿಂದ ಬಾಣ ಬಿಡುವವರಿಗೆ ಅಡ್ವಾಂಟೇಜ್, ಅಂದರೆ ದಾಳ ಉರುಳಿಸುವಾಗ ಅನುಕೂಲ, ಕೊಡಬೇಕಾ ಅಂತ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್. ನಾವು ಕೊಡಲಿಲ್ಲ.

ಈ ಆವೃತ್ತಿಯ 2014ರ ನಿಯಮಗಳಲ್ಲಿ ಎತ್ತರಕ್ಕೆ ಅಂತ ಬೋನಸ್ ಇಲ್ಲ. ಹಳೆಯ 3.5 ಆವೃತ್ತಿಯಲ್ಲಿ ಕತ್ತಿ ಕಾಳಗಕ್ಕೆ +1 ಇತ್ತು, ಅಷ್ಟೇ. ಅಡ್ವಾಂಟೇಜ್ ಅಂದರೆ ಎರಡು ಡಿ20 (20 ಮುಖದ ದಾಳ) ಉರುಳಿಸಿ ದೊಡ್ಡದನ್ನು ಇಟ್ಟುಕೊಳ್ಳುವುದು. ಗುರಿ ತಾಗಲು ದಾಳದಲ್ಲಿ 11 ಅಥವಾ ಹೆಚ್ಚು ಬೇಕಿದ್ದಲ್ಲಿ ಅದು ಬೀಳುವ ಸಾಧ್ಯತೆ ಶೇ. 50ರಿಂದ 75ಕ್ಕೆ ಏರುತ್ತದೆ. ಸುಮ್ನೆ ಮೇಲೆ ನಿಂತಿದ್ದಕ್ಕೆ ಇದು ಜಾಸ್ತಿ ಆಯ್ತು.

ಬದಲಿಗೆ ನೆಲವೇ ಕೆಲಸ ಮಾಡಲಿ ಅಂತ ಬಿಟ್ಟೆವು. ಬಂಡೆಯ ಅಂಚು ಅವಳಿಗೆ ಅರ್ಧ ಮರೆ, ಅಂದರೆ ಎಸಿಗೆ (ಅವಳಿಗೆ ಪೆಟ್ಟು ತಾಗಲು ಎದುರಾಳಿ ಮುಟ್ಟಬೇಕಾದ ಅಂಕ) +2. ಕಿಂಡಿಯ ಹಿಂದೆ ಸರಿದರೆ ಮುಕ್ಕಾಲು ಮರೆ, +5. ಕೆಳಗೆ ಮೋಟುಗೋಡೆಯ ಹಿಂದೆ ಅಡಗಿದ ಗಾಬ್ಲಿನ್‌ಗಳಿಗೆ (ಆಟದ ಪುಟ್ಟ ಶತ್ರು ಜೀವಿಗಳು) ಮಾತ್ರ ಮರೆಯೇ ಇಲ್ಲ, ಮೇಲಿಂದ ಎಲ್ಲಾ ಕಾಣುತ್ತದೆ ಅಲ್ವಾ! ಹತ್ತಲು ಪ್ರತಿ ಅಡಿಗೆ ವೇಗದಿಂದ ಎರಡು ಅಡಿ ಖರ್ಚು, ಸಡಿಲ ಕಲ್ಲಿದ್ದರೆ ಮೂರು. ಹಾಗೆ ಸಡಿಲ ಕಲ್ಲಿನ ಮೇಲೆ, 30 ಅಡಿ ವೇಗದ ಗಾಬ್ಲಿನ್ ಒಂದು ಸರದಿಯಲ್ಲಿ 10 ಅಡಿ ಮಾತ್ರ ಏರಿತು. ಅಷ್ಟರಲ್ಲಿ ಅವಳು ಇನ್ನೊಂದು ಬಾಣ ಬಿಟ್ಟಾಗಿತ್ತು.

ನನಗೆ ತುಂಬಾ ಖುಷಿ ಕೊಟ್ಟಿದ್ದು ಬೇರೆ: ಮೇಲೆ ತಲುಪಿದ ಒಂದು ಗಾಬ್ಲಿನ್ ಅವಳನ್ನೇ ತಳ್ಳಿತು. 20 ಅಡಿ ಬಿದ್ದಳು, 2ಡಿ6 (ಆರು ಮುಖದ ಎರಡು ದಾಳಗಳ ಮೊತ್ತದಷ್ಟು) ಪೆಟ್ಟು. ಈಗ ಎಲ್ಲರೂ ದಾಳ ಹಿಡಿಯುವ ಮೊದಲು ನಕ್ಷೆ ನೋಡುತ್ತಾರೆ.

ಶತ್ರುವನ್ನು ಎರಡು ಎದುರು ಬದಿಗಳಿಂದ ಸುತ್ತುವರಿದವರಿಗೆ ಅಡ್ವಾಂಟೇಜ್ ಕೊಡುವ ಫ್ಲ್ಯಾಂಕಿಂಗ್ ಐಚ್ಛಿಕ ನಿಯಮವನ್ನು ಇನ್ನೂ ಸೇರಿಸಿಲ್ಲ.