ಸಹಾಯ ಬೇಕು: ಗುಡವಿ ಕೆರೆ ಮಂಜು, 4×5 ಫಿಲ್ಮ್ ಡೆವಲಪಿಂಗ್ ಗೊಂದಲ

ನಮಸ್ಕಾರ. ಸೊರಬದ ಹತ್ತಿರ ಗುಡವಿ ಪಕ್ಷಿಧಾಮ ಗೊತ್ತಲ್ವಾ, ನೀರಲ್ಲೇ ಮರ ನಿಂತಿರುತ್ತವೆ. ಅದನ್ನು 4×5 ಇಂಚಿನ ಕ್ಯಾಮೆರಾದಲ್ಲಿ, ಇಲ್ಫೋರ್ಡ್ ಎಫ್‌ಪಿ4 ಪ್ಲಸ್ ಅನ್ನೋ ಕಪ್ಪು-ಬಿಳುಪು ಫಿಲ್ಮ್ ಶೀಟ್ ಮೇಲೆ ತೆಗೆಯುತ್ತಿದ್ದೇನೆ. ಬೆಳಗಿನ ಮಂಜಲ್ಲಿ ಕಾಂಡ, ಜೊಂಡು, ನೀರು ಎಲ್ಲ ಒಂದೇ ಬೂದು. ಪ್ರಿಂಟ್ ನೋಡಿದರೆ ನೀರು ಮಜ್ಜಿಗೆ ಥರ ಇದೆ.

ಕೆಂಪು ಫಿಲ್ಟರ್ ಹಾಕಿ ನೋಡಿದೆ, ಜೊಂಡು ಕಪ್ಪಾಗಿ ಕಾಂಡದ ಜೊತೆ ಸೇರಿಹೋಯಿತು. ಹಳದಿ-ಹಸಿರು ಫಿಲ್ಟರ್ ವಾಸಿ, ಆದರೆ ಎರಡು ಸ್ಟಾಪ್ ಬೆಳಕು ತಿನ್ನುತ್ತದೆ, ಅಂದರೆ ನಾಲ್ಕು ಪಟ್ಟು ಹೊತ್ತು ಕೊಡಬೇಕು. ಮೀಟರ್ 2 ಸೆಕೆಂಡ್ ಅಂದರೆ ಫಿಲ್ಟರ್ ಸೇರಿ 8, ಅದರ ಮೇಲೆ ಇಲ್ಫೋರ್ಡ್ ಹೇಳುವ ರೆಸಿಪ್ರಾಸಿಟಿ ಲೆಕ್ಕ (ಹೊತ್ತು ಉದ್ದವಾದಷ್ಟೂ ಫಿಲ್ಮ್ ಬೆಳಕಿಗೆ ಮಂದವಾಗುವುದರಿಂದ ಕೊಡುವ ಹೆಚ್ಚುವರಿ ಸಮಯ; 8ರ ಘಾತ 1.26) ಹಾಕಿದರೆ ಹತ್ತಿರ ಹತ್ತಿರ 14 ಸೆಕೆಂಡ್. ಅಷ್ಟರಲ್ಲಿ ಗಾಳಿಗೆ ಜೊಂಡು ಅಲ್ಲಾಡುತ್ತದೆ, ಅದು ಬಿಡಿ, ಗಾಳಿ ನಿಲ್ಲೋವರೆಗೆ ಕಾಯಬಹುದು.

ತಲೆ ಕೆಟ್ಟಿರುವುದು ಡೆವಲಪಿಂಗ್ ವಿಷಯಕ್ಕೆ. ಮಂಜಲ್ಲಿ ಕಾಂಟ್ರಾಸ್ಟ್ ಕಮ್ಮಿ, ಅದಕ್ಕೆ ಎನ್ ಪ್ಲಸ್ ಒನ್ ಮಾಡಿ, ಅಂದರೆ ಕಾಂಟ್ರಾಸ್ಟ್ ಒಂದು ಹಂತ ಏರುವಂತೆ ಡೆವಲಪಿಂಗ್ ಟೈಮ್ ಜಾಸ್ತಿ ಕೊಡಿ ಅನ್ನುತ್ತಾರೆ. ಆದರೆ ಎಕ್ಸ್‌ಪೋಷರ್ ಉದ್ದವಾದಾಗ ನೆರಳಿನ ಭಾಗವೇ ಜಾಸ್ತಿ ಸೊರಗುವುದರಿಂದ ಕಾಂಟ್ರಾಸ್ಟ್ ತಾನಾಗೇ ಏರುತ್ತದೆ ಅಲ್ವಾ? ಎರಡೂ ಸೇರಿ ಮರದ ಮೇಲಿನ ಬೆಳ್ಳಕ್ಕಿಗಳು ಸುಮ್ನೆ ಬಿಳಿ ಚುಕ್ಕೆ ಆಗಿಬಿಟ್ಟರೆ?

ಹಾಗಾಗಿ ಕೇಳುತ್ತಿರುವುದು ಇಷ್ಟೇ: 14 ಸೆಕೆಂಡ್ ಕೊಟ್ಟ ಶೀಟಿಗೆ ಡೆವಲಪಿಂಗ್ ಟೈಮ್ ಮಾಮೂಲಿಯಷ್ಟೇ ಸಾಕಾ, ಏರಿಸಬೇಕಾ? ಏರಿಸುವುದಾದರೆ ಶೇಕಡಾ ಎಷ್ಟು? ಮಲೆನಾಡಿನ ಮಂಜಲ್ಲಿ ಮಾಡಿ ನೋಡಿದವರು ಇದ್ದರೆ ಹೇಳಿ ಪ್ಲೀಸ್.